ಹತ್ತೊಂಬತ್ತನೇ ಫಾರಂ

ಅದು ಶುರುವಾದದ್ದು ಚಳಿ ಬಿಡುವ ಕಾಲದಲ್ಲಿ, ಒಂದು ಸೋಮವಾರ ಬೆಳಿಗ್ಗೆ ಎಂಟೂವರೆಗೆ. ಅಂಟಿನ ಪಾತ್ರೆಯನ್ನು ಒಲೆಯ ಮೇಲಿಟ್ಟಿದ್ದೆ, ಇನ್ನೂ ಬಿಸಿಯಾಗಿರಲಿಲ್ಲ. ಅಚ್ಚಿನ ಮನೆಯ ಗಾಡಿ ಬಂದು ಬಾಗಿಲಲ್ಲಿ ಕಟ್ಟುಗಳನ್ನು ಇಳಿಸಿ ಹೋಯಿತು. ಎಂದಿನಂತೆ ಎಣಿಸಿದೆ. ಹದಿನೆಂಟು ಇರಬೇಕಿತ್ತು. ಹತ್ತೊಂಬತ್ತು ಇತ್ತು.

ಇನ್ನೊಂದು ಸಲ ಎಣಿಸಿದೆ. ವಯಸ್ಸಾದವರು ಎರಡು ಸಲ ಎಣಿಸಬೇಕು, ಇಲ್ಲದಿದ್ದರೆ ಚಿಕ್ಕವರು ನಮ್ಮ ತಪ್ಪು ಎಣಿಸಲು ಶುರು ಮಾಡುತ್ತಾರೆ. ಹತ್ತೊಂಬತ್ತೇ.

ನಮ್ಮದು ಪುಸ್ತಕ ಕಟ್ಟುವ ಅಂಗಡಿ. ಓದುವವರಿಗೆ ಗೊತ್ತಿರದ ಒಂದು ವಿಷಯ ಹೇಳುತ್ತೇನೆ. ಪುಸ್ತಕ ಒಂದೊಂದೇ ಪುಟವಾಗಿ ಅಚ್ಚಾಗುವುದಿಲ್ಲ. ಒಂದು ದೊಡ್ಡ ಹಾಳೆಯ ಎರಡೂ ಮುಖದಲ್ಲಿ ಹದಿನಾರು ಪುಟ ಅಚ್ಚಾಗುತ್ತವೆ, ಕೆಲವು ನೆಟ್ಟಗೆ, ಕೆಲವು ತಲೆಕೆಳಗಾಗಿ. ಆ ಹಾಳೆಗೆ ಫಾರಂ ಎನ್ನುತ್ತೇವೆ. ಮೂರು ಸಲ ಮಡಿಸಿದರೆ ಪುಟಗಳು ತಂತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಒಬ್ಬೊಬ್ಬರು ಇಷ್ಟಿಷ್ಟು ಫಾರಂ ಎಂದು ಹಂಚಿಕೊಂಡು ಮಡಿಸುತ್ತೇವೆ, ಆಮೇಲೆ ಒಂದರ ಮೇಲೊಂದು ಜೋಡಿಸಿ ಬೆನ್ನು ಹೊಲಿಯುತ್ತೇವೆ.

ನಾನು ಶಾಲೆಗೆ ಹೋದದ್ದು ಮೂರನೇ ತರಗತಿಯವರೆಗೆ. ಬೆರಳಿಟ್ಟು ಓದಬಲ್ಲೆ, ನಿಧಾನವಾಗಿ. ನನಗೆ ಗೊತ್ತಿರುವ ಕತೆಗಳೆಲ್ಲ ಹದಿನಾರು ಪುಟದವು. ಮದುವೆ ನೋಡಿರುತ್ತೇನೆ, ಹುಡುಗ ಎಲ್ಲಿಂದ ಬಂದ ಅಂತ ಗೊತ್ತಿರುವುದಿಲ್ಲ. ಜಗಳ ಅರ್ಧಕ್ಕೆ ಬಂದಿರುತ್ತದೆ, ತಪ್ಪು ಯಾರದು ಅಂತ ತಿಳಿಯುವಷ್ಟರಲ್ಲಿ ನನ್ನ ಫಾರಂ ಮುಗಿದಿರುತ್ತದೆ. ಅದಕ್ಕೇ ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಒಬ್ಬರನ್ನೊಬ್ಬರು ಕೇಳುತ್ತೇವೆ, "ನಿನ್ನದರಲ್ಲಿ ಏನಾಯ್ತು?" ಪುಸ್ತಕ ಮೊದಲು ಕಟ್ಟಿಕೊಳ್ಳುವುದು ಅಲ್ಲೇ, ಊಟದ ಹೊತ್ತಿನಲ್ಲಿ. ಹೊಲಿಗೆ ಆಮೇಲೆ.

ಆ ಸೋಮವಾರ ನಾವು ಮೂವರಿದ್ದೆವು. ನಾನು. ಕತ್ತರಿ, ಅವಳಿಗೆ ಆ ಹೆಸರು ಬಂದದ್ದು ದಾರ ಕತ್ತರಿಸುವುದರಿಂದ ಅಂತ ಅವಳು ಹೇಳುತ್ತಾಳೆ, ನಾಲಿಗೆಯಿಂದ ಅಂತ ನಾವು ಹೇಳುತ್ತೇವೆ. ಮೂರನೆಯವಳು ಟೀಚರಮ್ಮ. ಅವಳು ಟೀಚರಲ್ಲ, ಹತ್ತನೇ ತರಗತಿ ಪಾಸಾಗಿ ಬಂದವಳು, ತಡವರಿಸದೆ ಓದುತ್ತಾಳೆ. ಅಂಗಡಿ ನೋಡಿಕೊಳ್ಳುವವನು ಚಿಕ್ಕ ಯಜಮಾನ. ಅವನ ಅಪ್ಪ ದೊಡ್ಡ ಯಜಮಾನರ ಕಾಲದಲ್ಲಿ ನಾನು ಸೇರಿದ್ದು. ಇವನು ಆಗ ಕಾಗದದ ರಾಶಿಯ ಮೇಲೆ ಮಲಗುತ್ತಿದ್ದ ಕೂಸು. ಈಗಲೂ ನನ್ನನ್ನು ದೊಡ್ಡಮ್ಮ ಎಂದೇ ಕರೆಯುತ್ತಾನೆ.

ಬಂದ ಪುಸ್ತಕ ನಮಗೆ ಹೊಸದಲ್ಲ. ದೋಣಿಯವಳ ಕತೆ. ಇಪ್ಪತ್ತಾರು ವರ್ಷದಲ್ಲಿ ಇದು ಐದನೇ ಸಲ ಅಚ್ಚಾಗಿ ಬಂದದ್ದು. ನದಿ ದಾಟಿಸುವ ಒಬ್ಬ ಹೆಂಗಸು, ಅವಳ ದೋಣಿ, ಅವಳನ್ನು ನಂಬದ ಗಂಡ. ಕೊನೆಗೆ ಅವಳು ಒಂದು ಬೆಳಿಗ್ಗೆ ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ನೀರಿಗೆ ಎಸೆದು, ದೋಣಿ ಬಿಚ್ಚಿಕೊಂಡು ಹೊರಟುಹೋಗುತ್ತಾಳೆ. ತಿರುಗಿ ನೋಡುವುದಿಲ್ಲ. ಅಲ್ಲಿಗೆ ಹದಿನೆಂಟನೇ ಫಾರಮಿನ ಕೊನೆಯ ಪುಟ, ಕೊನೆಯ ಸಾಲು. ಅದರ ಕೆಳಗೆ 'ಮುಗಿಯಿತು'.

ಮೊದಲ ಸಲ ಅದು ಅಚ್ಚಾಗಿ ಬಂದಾಗ ಹದಿನೆಂಟನೇ ಫಾರಂ ಮಡಿಸಿದವಳು ನನ್ನ ತಂಗಿ.

ಅವಳೂ ಇದೇ ಮೇಜಿನಲ್ಲಿ ಕೂರುತ್ತಿದ್ದಳು, ಕಿಟಕಿಯ ಕಡೆ. ಅವಳ ಗಂಡ ಹೊಡೆಯುವವನಲ್ಲ, ಕುಡಿಯುವವನಲ್ಲ. ಅವನದು ಬೀಗದ ಚಟ. ಕೆಲಸ ಮುಗಿಸಿ ಇವಳು ಮನೆ ಸೇರಿದ ಮೇಲೆ ಹೊರಗಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದ, ಬೀಗದ ಕೈ ಸೊಂಟದಲ್ಲಿ. ಭಾನುವಾರವೂ ಅಷ್ಟೇ. "ನಿನ್ನ ಒಳ್ಳೇದಕ್ಕೇ," ಅನ್ನುತ್ತಿದ್ದನಂತೆ. ಅವಳು ಅದನ್ನು ನಗುತ್ತಾ ಹೇಳುತ್ತಿದ್ದಳು. ನಾನೂ ನಕ್ಕಿದ್ದೇನೆ. ಆ ನಗುವಿಗೆ ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ.

ಒಂದೂವರೆ ಸಾವಿರ ಪ್ರತಿ. ಒಂದೂವರೆ ಸಾವಿರ ಸಲ ಅವಳ ಕೈಯಲ್ಲಿ ಆ ಬೀಗದ ಕೈ ನೀರಿಗೆ ಬಿತ್ತು. ಮಡಿಸುವಾಗ ಕೊನೆಯ ಪುಟ ಮೇಲೆ ಬರುತ್ತದೆ, ಮಡಿಕೆ ಕೂರಲೆಂದು ಎಲುಬಿನ ಪಟ್ಟಿಯಿಂದ ಅದನ್ನೇ ಉಜ್ಜಬೇಕು. ಕೆಲಸ ಮುಗಿದ ದಿನ ಅವಳು ನನ್ನನ್ನು ಕೇಳಿದಳು, "ಅಕ್ಕ, ಆಮೇಲೆ ಅವಳು ಏನಾಗಿರಬಹುದು?"

"ನನಗೇನು ಗೊತ್ತು. ಮುಗಿಯಿತು ಅಂತ ಹಾಕಿದ್ದಾರಲ್ಲ," ಅಂದೆ.

"ಮುಗಿದದ್ದು ಅವರಿಗೆ. ಅವಳು ಮಧ್ಯಾಹ್ನಕ್ಕೆ ಏನಾದ್ರೂ ತಿಂದಿರಬೇಕಲ್ಲ."

ಮಾರನೇ ದಿನ ಬುಧವಾರ. ಬುತ್ತಿ ಡಬ್ಬಿ, ಮೈಮೇಲಿನ ಬಟ್ಟೆ, ಅಷ್ಟರಲ್ಲೇ ಮನೆಯಿಂದ ಬಂದವಳು ಅಂಗಡಿಯ ಬಾಗಿಲು ದಾಟಿ ಮುಂದೆ ನಡೆದುಬಿಟ್ಟಳು. ನಾನು ಒಳಗಿಂದ ನೋಡಿದೆ. ಕರೆಯಲಿಲ್ಲ. ಎಂಟು ತಿಂಗಳ ಮೇಲೆ ಒಂದು ಕಾಗದ ಬಂತು, ವಿಳಾಸವಿಲ್ಲದ್ದು. 'ಚೆನ್ನಾಗಿದ್ದೇನೆ. ಕೆಲಸ ಸಿಕ್ಕಿದೆ. ಹುಡುಕಬೇಡ.' ಅಷ್ಟೇ. ಆಮೇಲೆ ಏನೂ ಇಲ್ಲ.

ಬೀದಿಯವರು ಸುಮ್ಮನಿರಲಿಲ್ಲ. ಯಾವುದೋ ನೀರು ಪಾಲಾಗಿರ್ತಾಳೆ ಅಂದರು. ಅವಳ ಗಂಡನೂ ಅದನ್ನೇ ಹೇಳಿಕೊಂಡು ತಿರುಗಿದ, ಅಳುವುದಕ್ಕೆ ಅವನಿಗೂ ಒಂದು ಕಾರಣ ಬೇಕಿತ್ತು. ನಮ್ಮ ಅಮ್ಮ ಸಾಯುವ ತನಕ ನಂಬಿದ್ದು ಆ ಮಾತನ್ನೇ. ನಾನು ಕಾಗದ ಓದಿ ಹೇಳಿದರೆ, "ನಿನಗೆ ಓದೋಕೆ ಎಲ್ಲಿ ಬರುತ್ತೆ?" ಅಂದಳು.

ಅಲ್ಲಿಂದ ಹದಿನೆಂಟನೇ ಫಾರಂ ನನ್ನದಾಯಿತು. ಪ್ರತಿ ಸಲ ಈ ಪುಸ್ತಕ ಬಂದಾಗ ನಾನೇ ಅದನ್ನು ಎತ್ತಿಕೊಳ್ಳುತ್ತಿದ್ದೆ. ಯಾರೂ ಯಾಕೆ ಅಂತ ಕೇಳುತ್ತಿರಲಿಲ್ಲ. ಆದರೆ ಊಟದ ಹೊತ್ತಿನಲ್ಲಿ ತಂಗಿಯ ಪ್ರಶ್ನೆ ನಮ್ಮೆಲ್ಲರ ಪ್ರಶ್ನೆಯಾಗಿತ್ತು. ಆಮೇಲೆ ಏನಾದಳು? ಒಬ್ಬಳು ಒಂದು ಹೇಳುತ್ತಿದ್ದಳು, ಇನ್ನೊಬ್ಬಳು ಅದಕ್ಕೆ ಸೇರಿಸುತ್ತಿದ್ದಳು. ಇಪ್ಪತ್ತಾರು ವರ್ಷದಲ್ಲಿ ಕತ್ತರಿ ಬಂದಳು, ಟೀಚರಮ್ಮ ಬಂದಳು, ಎಷ್ಟೋ ಜನ ಬಿಟ್ಟು ಹೋದರು. ದೋಣಿಯವಳು ಮಾತ್ರ ನಮ್ಮ ಜೊತೆ ದಿನಾ ಊಟಕ್ಕೆ ಕೂರುತ್ತಿದ್ದಳು.

ಅವತ್ತು ಮಧ್ಯಾಹ್ನ ಟೀಚರಮ್ಮ ಹತ್ತೊಂಬತ್ತನೇ ಫಾರಮಿನ ಒಂದು ಹಾಳೆ ತಂದು ಮೇಜಿನ ಮೇಲೆ ಹರಡಿದಳು. ಮಡಿಸದ ಹಾಳೆ, ಪುಟಗಳು ಹಿಂದುಮುಂದಾಗಿ. ಅವಳು ಹಾಳೆಯನ್ನು ತಿರುಗಿಸಿ ತಿರುಗಿಸಿ ಓದಿದಳು. ಓದ್ತಾ ಓದ್ತಾ ಅವಳ ದನಿ ಸಣ್ಣಗಾಯಿತು.

ಕತೆಗಾರರು ಹೊಸದಾಗಿ ಒಂದು ಅಧ್ಯಾಯ ಬರೆದಿದ್ದರು. ಮೂರು ತಿಂಗಳ ಮೇಲೆ ನದಿಯ ತಿರುವಿನಲ್ಲಿ ಮಗುಚಿದ ದೋಣಿ ಸಿಗುತ್ತದೆ. ಮಾರನೇ ದಿನ ಅವಳೂ. ಗಂಡ ದಡದಲ್ಲಿ ಕೂತು ಅಳುತ್ತಾನೆ, ಎಲ್ಲವನ್ನೂ ಕ್ಷಮಿಸುತ್ತಾನೆ. 'ನದಿ ತನ್ನದನ್ನು ತಾನು ತೆಗೆದುಕೊಂಡಿತು.' ಮುಗಿಯಿತು.

ಮೊದಲು ಬಾಯಿ ಬಿಟ್ಟವಳು ಕತ್ತರಿ.

"ಕ್ಷಮಿಸ್ತಾನಾ? ಇವನು? ಏನು ಧಾರಾಳ ಮನಸ್ಸಪ್ಪಾ."

"ಅದೇ ಬರೆದಿದೆ," ಅಂದಳು ಟೀಚರಮ್ಮ.

"ಮುಳುಗಿದ್ದು ಹೇಗಂತೆ?"

"ಅದು ಬರೆದಿಲ್ಲ."

"ಬರೆಯೋಕೆ ಆಗಲ್ಲ ಬಿಡು. ನನ್ನ ಏಳನೇ ಫಾರಮಿನಲ್ಲಿ ತುಂಬಿದ ಹೊಳೆಯಲ್ಲಿ ಈಜಿ ಕರು ಹಿಡಿದು ತಂದಿದ್ದಾಳೆ. ಒಂದು ಕೈಯಲ್ಲಿ ಕರು, ಒಂದು ಕೈಯಲ್ಲಿ ಈಜು. ನಾಲ್ಕು ಪುಟ ಅದೇ ಇದೆ. ಮೂರು ತಿಂಗಳಲ್ಲಿ ಈಜು ಮರೆತಳಾ? ಇವರೇ ಬರೆದದ್ದನ್ನ ಇವರೇ ಓದಿಲ್ಲ."

"ಬೇಕಂತಲೇ ಮುಳುಗಿರಬಹುದು," ಅಂದಳು ಟೀಚರಮ್ಮ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

"ಬೇಕಂತ ಮುಳುಗೋಳು ಬೀಗದ ಕೈ ಯಾಕೆ ಎಸೀತಾಳೆ? ಮುಳುಗೋಕೆ ಹೋಗೋರು ಮನೆಗೆ ಬೀಗ ಹಾಕ್ತಾರಾ?"

ನಾನು ಆ ಹಾಳೆಯ ಮೇಲೆ ಬೆರಳಿಟ್ಟು, ಗಂಡ ಅಳುವ ಪುಟವನ್ನು ನಾನೇ ಓದಿದೆ. ತುಂಬ ಹೊತ್ತು ಬೇಕಾಯಿತು. ನಮ್ಮ ಬೀದಿಯವರು ಹೇಳಿದ್ದ ಮಾತೇ ಅಲ್ಲಿತ್ತು, ಅಚ್ಚುಕಟ್ಟಾಗಿ, ಅಕ್ಷರ ಅಕ್ಷರವೂ ಜೋಡಿಸಿಟ್ಟಿತ್ತು. ಇಪ್ಪತ್ತಾರು ವರ್ಷ ಅದನ್ನು ಬಾಯಲ್ಲಿ ಹೇಳಿದವರಿಗೆ ನಾನು ಎದುರಾಡಿರಲಿಲ್ಲ. ಗಾಳಿಮಾತು, ಗಾಳಿಗೆ ಹೋಗುತ್ತೆ ಅಂದುಕೊಂಡಿದ್ದೆ. ಇದು ಕಾಗದದ ಮೇಲಿತ್ತು. ಇದನ್ನು ನನ್ನ ಕೈಯಿಂದಲೇ ಹೊಲಿಸಿ, ಸಾವಿರ ಮನೆಗೆ ಕಳಿಸುವವರಿದ್ದರು.

"ಹತ್ತೊಂಬತ್ತು ನನಗಿರಲಿ. ನಾನು ನೋಡ್ಕೋತೀನಿ," ಅಂದೆ.

ಕತ್ತರಿ ನನ್ನ ಮುಖ ನೋಡಿದಳು. ಅವಳು ಬಾಯಾಳಿಯೇ ಇರಬಹುದು, ದಡ್ಡಿಯಲ್ಲ.

ಈಗ ನಮ್ಮ ಕೆಲಸದ ಇನ್ನೊಂದು ಗುಟ್ಟು ಹೇಳಬೇಕು. ಪ್ರತಿ ಫಾರಮಿನ ಬೆನ್ನಿನ ಮಡಿಕೆಯ ಮೇಲೆ ಒಂದು ಸಣ್ಣ ಕಪ್ಪು ಗುರುತು ಅಚ್ಚಾಗಿರುತ್ತದೆ. ಮೊದಲನೇ ಫಾರಮಿನಲ್ಲಿ ಮೇಲ್ತುದಿಗೆ, ಎರಡನೆಯದರಲ್ಲಿ ಸ್ವಲ್ಪ ಕೆಳಗೆ, ಮೂರನೆಯದರಲ್ಲಿ ಇನ್ನೂ ಕೆಳಗೆ. ಎಲ್ಲವನ್ನೂ ಜೋಡಿಸಿ ಬೆನ್ನು ನೋಡಿದರೆ ಮೆಟ್ಟಿಲು ಇಳಿದ ಹಾಗೆ ಕಾಣುತ್ತದೆ. ಒಂದು ಫಾರಂ ಬಿಟ್ಟುಹೋದರೆ ಮೆಟ್ಟಿಲು ಮುರಿದು ಬೀಳುತ್ತದೆ, ಕಣ್ಣಿಗೆ ತಟ್ಟನೆ ಹೊಡೆಯುತ್ತದೆ. ಚಿಕ್ಕ ಯಜಮಾನ ಓದಿ ನೋಡುವವನಲ್ಲ, ಬೆನ್ನು ನೋಡುವವನು. ಅವನಪ್ಪನೂ ಹಾಗೇ. ಆ ಗುರುತು ನೋಡುವುದನ್ನು ಇವನಿಗೆ ಕಲಿಸಿದವಳು ನಾನೇ.

ಆದರೆ ಬಿಟ್ಟದ್ದು ಕೊನೆಯ ಫಾರಮಾದರೆ ಮೆಟ್ಟಿಲು ಮುರಿಯುವುದಿಲ್ಲ. ಒಂದು ಹೆಜ್ಜೆ ಮೊದಲೇ ನಿಲ್ಲುತ್ತದೆ, ಅಷ್ಟೇ. ಇದನ್ನು ಅವನಿಗೆ ಕಲಿಸಿರಲಿಲ್ಲ. ಬೇಕಂತ ಬಿಟ್ಟದ್ದಲ್ಲ, ಕಲಿಸುವ ಸಂದರ್ಭ ಬಂದಿರಲಿಲ್ಲ.

ನಲವತ್ತೊಂದು ವರ್ಷ ನನ್ನ ಕೈಯಿಂದ ಒಂದೇ ಒಂದು ಫಾರಂ ಬಿಟ್ಟುಹೋಗಿರಲಿಲ್ಲ. ಈ ಮಾತು ನನ್ನ ಹೆಮ್ಮೆಗೆ ಹೇಳುತ್ತಿಲ್ಲ. ಅವತ್ತು ಮೊದಲನೇ ಪುಸ್ತಕ ಜೋಡಿಸುವಾಗ ಹದಿನೆಂಟಾದ ಮೇಲೆ ಕೈ ತಾನಾಗಿ ಹತ್ತೊಂಬತ್ತರ ಕಡೆ ಹೋಯಿತು ಅಂತ ತಿಳಿಯಲಿ ಎಂದು ಹೇಳುತ್ತಿದ್ದೇನೆ. ಹೋದದ್ದು ಹೆದರಿಕೆಗಲ್ಲ, ಅಭ್ಯಾಸಕ್ಕೆ. ಎರಡನೆಯದಕ್ಕೆ ಹೋಗಲಿಲ್ಲ.

ಉಳಿದ ಹಾಳೆಗಳನ್ನು ಏನು ಮಾಡುವುದು? ರಾಶಿ ಬಿದ್ದಿದ್ದರೆ ಯಜಮಾನ ಕೇಳುತ್ತಾನೆ. ಕತ್ತರಿಗೆ ಹೊಳೆಯಿತು.

"ಅಕ್ಕ, ಬೆನ್ನಿಗೆ ಅಂಟಿಸೋಕೆ ರದ್ದಿ ಬೇಕಲ್ಲ?"

ಹೊಲಿದ ಬೆನ್ನಿಗೆ ಅಂಟು ಹಚ್ಚಿ, ಗಟ್ಟಿಯಾಗಲಿ ಅಂತ ರದ್ದಿ ಕಾಗದದ ಪಟ್ಟಿ ಅಂಟಿಸುತ್ತೇವೆ. ಅದರ ಮೇಲೆ ರಟ್ಟು, ಹೊದಿಕೆ. ಒಳಗಿನದು ಯಾರ ಕಣ್ಣಿಗೂ ಬೀಳುವುದಿಲ್ಲ. ಹತ್ತೊಂಬತ್ತನೇ ಫಾರಮನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಬೆನ್ನಿಗೆ ಎರಡು ಪದರ ಹಾಕಿದೆವು, ರಟ್ಟಿನ ಒಳಮೈಗೆ ಒಂದು ಪದರ. ಗಂಡನ ಕಣ್ಣೀರು ಒಂದು ಪಟ್ಟಿಯಲ್ಲಿ, ಮಗುಚಿದ ದೋಣಿ ಇನ್ನೊಂದರಲ್ಲಿ.

"ನೋಡು, ಕೊನೆಗೂ ಅವನು ಅವಳ ಬೆನ್ನಿಗೆ ನಿಂತ," ಅಂದಳು ಕತ್ತರಿ. ಟೀಚರಮ್ಮ ನಗಬಾರದು ಅಂತ ತುಟಿ ಕಚ್ಚಿಕೊಂಡು, ಆಗದೆ, ಅಂಟಿನ ಕುಂಚ ಕೆಳಗಿಟ್ಟು ನಕ್ಕಳು.

ಆಮೇಲೆ ಟೀಚರಮ್ಮನೇ ಇನ್ನೊಂದು ಕಂಡುಹಿಡಿದಳು. ಹೊಸ ಅಚ್ಚಿನಲ್ಲಿ ಹದಿನೆಂಟರ ಕೊನೆಗೆ 'ಮುಗಿಯಿತು' ಇರಲಿಲ್ಲ. ಅದನ್ನು ಕಿತ್ತು ಹತ್ತೊಂಬತ್ತರ ಕೊನೆಗೆ ಹಾಕಿದ್ದರು. ನಮ್ಮ ಪುಸ್ತಕದಲ್ಲಿ ದೋಣಿಯವಳು ದೋಣಿ ಬಿಚ್ಚಿಕೊಂಡು ಹೋಗುತ್ತಾಳೆ, ಅದರ ಕೆಳಗೆ ಬರಿ ಕಾಗದ.

ಯಜಮಾನ ದಿನಾ ಸಂಜೆ ಬಂದು ಬೆನ್ನು ನೋಡಿದ. ಮೆಟ್ಟಿಲು ಸರಿಯಿತ್ತು. "ಕೆಲಸ ಅಂದ್ರೆ ದೊಡ್ಡಮ್ಮಂದು," ಅಂದ. ನಾನು ತಲೆ ಎತ್ತಲಿಲ್ಲ. ಅವನಿಗೆ ಮೋಸ ಮಾಡಿದ್ದು ನನಗೆ ಗೊತ್ತಿತ್ತು, ಅದು ಸಣ್ಣದು ಅಂತ ನಾನು ಹೇಳುವುದಿಲ್ಲ. ಮೂರನೇ ವಾರದ ಗುರುವಾರ, ಪುಸ್ತಕ ಮಾರುವ ಅಂಗಡಿಗಳವರು ಅವಸರ ಮಾಡಿದ್ದರಿಂದ, ಮೊದಲ ಮುನ್ನೂರು ಪುಸ್ತಕ ಗಾಡಿ ಹತ್ತಿ ನಾಲ್ಕು ದಿಕ್ಕಿಗೆ ಹೋದವು.

ಶುಕ್ರವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕತೆಗಾರರು ಬಂದರು.

ನಾನು ಅವರನ್ನು ಅದಕ್ಕೆ ಮೊದಲು ನೋಡಿರಲಿಲ್ಲ. ನನಗಿಂತ ಐದಾರು ವರ್ಷ ದೊಡ್ಡವರು. ಕೋಲು ಹಿಡಿದಿದ್ದರು, ಕೋಟಿನ ಒಂದು ಗುಂಡಿ ತಪ್ಪು ತೂತಿಗೆ ಹೋಗಿತ್ತು. ಯಜಮಾನ ಕುರ್ಚಿ ಒರೆಸಿ ಕೂರಿಸಿ, ಕಟ್ಟಿ ಇಟ್ಟಿದ್ದರಲ್ಲಿ ಒಂದು ಪುಸ್ತಕ ಕೈಗಿಟ್ಟ. ಅವರು ಹೊದಿಕೆ ನೋಡಲಿಲ್ಲ. ಸೀದಾ ಕೊನೆಯ ಪುಟ ತೆಗೆದರು. ಮುಚ್ಚಿದರು. ಮತ್ತೆ ತೆಗೆದರು.

"ಇದರಲ್ಲಿ ಕೊನೆಯ ಅಧ್ಯಾಯ ಇಲ್ಲ."

ಯಜಮಾನ ಇನ್ನೊಂದು ಪುಸ್ತಕ ತೆಗೆದ, ಮತ್ತೊಂದು ತೆಗೆದ. ಅವನ ಕಿವಿ ಕೆಂಪಾಯಿತು. ಮೇಜಿನ ಕಡೆ ತಿರುಗಿ, "ಯಾರು ಜೋಡಿಸಿದ್ದು?" ಅಂದ. ಕತ್ತರಿ ಬಾಯಿ ತೆರೆಯುವುದನ್ನು ನೋಡಿ ನಾನು ಮೊದಲೇ ಎದ್ದೆ.

"ನಾನು. ಮರೆತದ್ದಲ್ಲ. ಬಿಟ್ಟದ್ದು."

"ದೊಡ್ಡಮ್ಮ, ಏನು ಮಾತಾಡ್ತಿದ್ದೀರಾ?"

"ನೀನು ಕೇಳಿದ್ದಕ್ಕೆ ಹೇಳ್ತಿದ್ದೀನಿ. ಇವರಿಬ್ಬರದು ಏನೂ ಇಲ್ಲ."

"ನಮ್ಮದೂ ಇದೆ," ಅಂದಳು ಕತ್ತರಿ. ಅವಳ ನಾಲಿಗೆಯನ್ನು ಹಿಡಿದು ನಿಲ್ಲಿಸುವ ಯಂತ್ರ ಇನ್ನೂ ಬಂದಿಲ್ಲ.

ಕತೆಗಾರರು ಕೋಪ ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ನನ್ನನ್ನೇ ನೋಡುತ್ತಾ, "ಯಾಕೆ?" ಅಂದರು.

"ಅವಳು ಸತ್ತಿಲ್ಲ ಸ್ವಾಮಿ."

"ಅವಳನ್ನು ಹುಟ್ಟಿಸಿದ್ದು ನಾನು. ಸತ್ತಳೋ ಇಲ್ಲವೋ ಅಂತ ನಾನು ಹೇಳಬೇಕು."

"ಹೆತ್ತವರಿಗೆ ಹೆಗ್ಗಣವೂ ಮುದ್ದು ಅಂತಾರೆ. ನೀವು ಹೆತ್ತವಳನ್ನೇ ನೀರಿಗೆ ಹಾಕಿದಿರಿ. ಹಕ್ಕಿದೆ ಅಂತ ಹಾಕೋದಾ?"

ಅವರು ಕೋಲನ್ನು ಮೊಣಕಾಲಿನ ಮೇಲೆ ಅಡ್ಡ ಇಟ್ಟುಕೊಂಡರು. "ಇಪ್ಪತ್ತಾರು ವರ್ಷದಿಂದ ಒಂದೇ ಪ್ರಶ್ನೆ ಅಮ್ಮ. ಆಮೇಲೆ ಏನಾದಳು, ಆಮೇಲೆ ಏನಾದಳು. ಹಲ್ಲು ಕೀಳಿಸೋಕೆ ಹೋದರೆ ಡಾಕ್ಟರು ಕೇಳ್ತಾರೆ, ನನ್ನ ಬಾಯಲ್ಲಿ ಇಕ್ಕಳ ಇಟ್ಟು. ನಾನು ಇನ್ನೂ ಎಂಟು ಪುಸ್ತಕ ಬರೆದಿದ್ದೀನಿ. ಒಬ್ಬರೂ ಅದರ ಮಾತೆತ್ತೋದಿಲ್ಲ. ಸತ್ತಳು ಅಂತ ಬರೆದರೆ ಕೇಳೋದು ನಿಲ್ಲುತ್ತೆ."

"ನಿಮಗೆ ಬೇಜಾರಾಯ್ತು ಅಂತ ಅವಳು ಸಾಯಬೇಕಾ?"

"ಹಾಗಾದರೆ ನೀವೇ ಹೇಳಿ. ಏನಾದಳು?"

ಅವರು ಅದನ್ನು ಬಾಯಿ ಮುಚ್ಚಿಸಲು ಕೇಳಿದರು. ಬೇರೆ ಯಾರಾದರೂ ಆಗಿದ್ದರೆ ಮುಚ್ಚುತ್ತಿತ್ತೇನೋ. ನನಗೆ ಇಪ್ಪತ್ತಾರು ವರ್ಷದಿಂದ ಗೊತ್ತಿದ್ದ ಪಾಠ ಅದು.

"ಎರಡು ಹಗಲು ಹುಟ್ಟು ಹಾಕಿದಳು," ಅಂದೆ. "ಮೂರನೇ ದಿನ ಒಂದು ಊರ ದಡ ಸಿಕ್ಕಿತು. ಅಲ್ಲೊಬ್ಬ ಮುದುಕ ದೋಣಿ ನಡೆಸ್ತಿದ್ದ, ಕೆಮ್ಮೋನು. ಹೆಂಗಸಿನ ದೋಣಿಗೆ ಯಾರೂ ಹತ್ತೋದಿಲ್ಲ, ಮುಂದಕ್ಕೆ ಹೋಗು ಅಂದ. ಹನ್ನೊಂದು ದಿನ ಯಾರೂ ಹತ್ತಲಿಲ್ಲ. ಹನ್ನೆರಡನೇ ದಿನ ಹೆರಿಗೆ ನೋವಿನವಳೊಬ್ಬಳು ಹತ್ತಿದಳು, ಅವಳಿಗೆ ಆರಿಸೋಕೆ ಪುರುಸೊತ್ತಿರಲಿಲ್ಲ. ಆಮೇಲೆ ಎಲ್ಲರೂ ಹತ್ತಿದರು. ಒಂದು ಕೋಣೆ ಹಿಡಿದಳು, ಕಿಟಕಿ ನೀರಿನ ಕಡೆಗೆ. ಹೋದ ದಿನವೇ ಬಾಗಿಲಿನ ಹೊರಗಿನ ಚಿಲಕ ಕಿತ್ತು ಹಾಕಿದಳು. ಒಳಗಿನದು ಸಾಕು ಅಂದಳು."

"ನಾಯಿ ಬಿಟ್ಟೆ ಅಕ್ಕ," ಅಂದಳು ಕತ್ತರಿ.

"ಒಂದು ಕುಂಟು ನಾಯಿ ಇದೆ. ದೋಣಿಯ ಮುಂದುಗಡೆ ಕೂರುತ್ತೆ, ಯಜಮಾನನ ಹಾಗೆ. ಆಮೇಲೆ ಸೇತುವೆ ಬಂತು. ದೋಣಿಗೆ ಜನ ಇಲ್ಲ. ಅವಳು ಮಕ್ಕಳಿಗೆ ಈಜು ಕಲಿಸೋಕೆ ಶುರು ಮಾಡಿದಳು. ಹೆಣ್ಣು ಮಕ್ಕಳಿಗೆ ಮೊದಲು. ಈಗ ಮಂಡಿ ನೋವಿದೆ, ಕನ್ನಡಕ ಬಂದಿದೆ, ಬಾಯಿ ಸ್ವಲ್ಪ ಜೋರಾಗಿದೆ. ದಡದಲ್ಲಿ ಕೂತೇ ಬೈದು ಈಜಿಸ್ತಾಳೆ."

"ಮತ್ತೆ ಮದುವೆ?" ಅಂದರು ಕತೆಗಾರರು. ಕೇಳಬಾರದು ಅಂತಿದ್ದವರು ಕೇಳಿಬಿಟ್ಟ ಹಾಗೆ.

"ಅದರಲ್ಲಿ ನಮ್ಮಲ್ಲಿ ಒಮ್ಮತ ಇಲ್ಲ. ಟೀಚರಮ್ಮ ಆಯ್ತು ಅಂತಾಳೆ, ಆ ಕೆಮ್ಮೋ ಮುದುಕನ ತಮ್ಮನ ಜೊತೆ. ಕತ್ತರಿ ಒಪ್ಪೋದಿಲ್ಲ."

"ನಾಯಿ ಇದೆಯಲ್ಲ, ಸಾಕು," ಅಂದಳು ಕತ್ತರಿ.

ಅವರು ನಕ್ಕರು. ನಗು ಬೇಗ ನಿಂತಿತು. "ಇದು ಯಾರ ಕತೆ ಅಮ್ಮ?"

ಆಗ ಹೇಳಿದೆ. ಕಿಟಕಿಯ ಪಕ್ಕದ ಜಾಗ ತೋರಿಸಿದೆ. ಅವಳು ಅಲ್ಲಿ ಕೂತು ನಿಮ್ಮ ಕೊನೆಯ ಪುಟವನ್ನು ಒಂದೂವರೆ ಸಾವಿರ ಸಲ ಉಜ್ಜಿದಳು, ಬುಧವಾರ ಹೊರಟುಹೋದಳು ಅಂದೆ. ಬೀಗದ ವಿಷಯ ಹೇಳಿದೆ. ಬೀದಿಯವರ ಮಾತು ಹೇಳಿದೆ.

"ಅವರ ಸುದ್ದಿ?"

"ಒಂದು ಕಾಗದ. ಇಪ್ಪತ್ತೈದು ವರ್ಷದ ಹಿಂದೆ."

"ಅಂದರೆ ನಿಮಗೂ ಗೊತ್ತಿಲ್ಲ."

"ಇಲ್ಲ. ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಗೊತ್ತಿಲ್ಲದ ಜಾಗದಲ್ಲಿ ನಾನು ಒಂದು ಕೋಣೆ ಕೊಟ್ಟೆ, ಕಿಟಕಿ ಕೊಟ್ಟೆ. ನೀವು ಹೆಣ ಕೊಟ್ಟಿರಿ. ನಿಮ್ಮದನ್ನ ಅಚ್ಚು ಹಾಕ್ತಾರೆ, ನನ್ನದನ್ನ ಹಾಕೋದಿಲ್ಲ. ವ್ಯತ್ಯಾಸ ಅಷ್ಟೇ."

ಯಜಮಾನ, "ದೊಡ್ಡಮ್ಮ, ಸಾಕು," ಅಂದ. ನನಗೂ ಸಾಕಾಗಿತ್ತು. ಅಷ್ಟು ಮಾತು ನಾನು ವರ್ಷಕ್ಕೆ ಆಡುವವಳಲ್ಲ.

ಕತೆಗಾರರು ಕಿಟಕಿಯ ಕಡೆ ನೋಡಿದರು. "ಬರೆದದ್ದು ಬರೆದಾಗಿದೆ, ಅಚ್ಚಾಗಿದೆ. ಸೇರಲಿ," ಅಂದರು. ದನಿಯಲ್ಲಿ ಜೋರಿರಲಿಲ್ಲ. ಹಟ ಇತ್ತು. ಮುದುಕರ ಹಟ ನನಗೆ ಗೊತ್ತು, ನನ್ನಲ್ಲೂ ಇದೆ.

"ಹೋದ ಮುನ್ನೂರು ಹೋಯಿತು," ಅಂದ ಯಜಮಾನ. "ಅಂಗಡಿಗಳಿಂದ ವಾಪಸು ತರಿಸೋಕಾಗಲ್ಲ. ಉಳಿದದ್ದಕ್ಕೆ ಹತ್ತೊಂಬತ್ತನ್ನೂ ಸೇರಿಸಿ. ಕಟ್ಟಿರೋದನ್ನ ಬಿಚ್ಚೋಣ. ಕಡಿಮೆ ಬಿದ್ದ ಹಾಳೆ ಮತ್ತೆ ಅಚ್ಚು ಹಾಕಿಸ್ತೀನಿ. ದೊಡ್ಡಮ್ಮ, ಇದನ್ನ ಇಲ್ಲಿಗೇ ಬಿಡ್ತೀನಿ, ಯಾರಿಗೂ ಹೇಳೋದಿಲ್ಲ. ಮಧ್ಯಾಹ್ನದಿಂದ ಕೂತ್ಕೊಳ್ಳಿ."

ಅವನು ದೊಡ್ಡ ಮನಸ್ಸು ಮಾಡಿದ್ದ. ಅದನ್ನು ನಾನು ಮರೆಯುವುದಿಲ್ಲ. ಒಂದು 'ಆಗಲಿ' ಅಂದಿದ್ದರೆ ನನ್ನ ಜಾಗ, ನನ್ನ ಮಣೆ, ನನ್ನ ನಲವತ್ತೊಂದು ವರ್ಷ ಹಾಗೇ ಇರುತ್ತಿದ್ದವು.

"ನಾನು ಸೇರಿಸೋದಿಲ್ಲ ಮರಿ."

"ಸೇರಿಸದೆ ಇದ್ರೆ ಇಲ್ಲಿ ಇರೋಕಾಗಲ್ಲ. ಅವರ ಎದುರಿಗೆ ಹೇಳ್ತಿದ್ದೀನಿ, ನನಗೆ ಬೇರೆ ದಾರಿ ಇಲ್ಲ."

"ನಿನ್ನ ತಪ್ಪಿಲ್ಲ. ಹೋಗ್ತೀನಿ. ಇಲ್ಲಿ ಯಾರೂ ಹೊರಗಿಂದ ಬೀಗ ಹಾಕಿಲ್ಲವಲ್ಲ."

ಅಂಟಿನ ಪಾತ್ರೆ ಒಲೆಯಿಂದ ಇಳಿಸಿದೆ, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಕುಂಚ ತೊಳೆದಿಟ್ಟೆ. ಎಲುಬಿನ ಪಟ್ಟಿ ನನ್ನದೇ, ನಾನು ಸೇರಿದ ವರ್ಷ ದೊಡ್ಡ ಯಜಮಾನರು ಕೊಟ್ಟದ್ದು, ಉಜ್ಜಿ ಉಜ್ಜಿ ಉಗುರಿನಷ್ಟು ತೆಳ್ಳಗಾಗಿದೆ. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡೆ. ಟೀಚರಮ್ಮ ಅಳುತ್ತಿದ್ದಳು. ಅವಳಿಗೆ ಮನೆಯಲ್ಲಿ ಎರಡು ಮಕ್ಕಳು. "ನೀನು ಕೂತ್ಕೋ. ಕೂತ್ಕೊಂಡು ಹತ್ತೊಂಬತ್ತನ್ನೂ ಸೇರಿಸು. ನನಗೆ ಕೋಪ ಇಲ್ಲ," ಅಂದೆ. ನಿಜಕ್ಕೂ ಇರಲಿಲ್ಲ. ಅವಳು ಅಳುತ್ತಲೇ ಫಾರಂ ಎತ್ತಿಕೊಂಡಳು.

ಬಾಗಿಲ ಬಳಿ ತಿರುಗಿ ನೋಡಿದೆ. ದೋಣಿಯವಳು ನೋಡಿರಲಿಲ್ಲ, ನಾನು ನೋಡಿದೆ. ಕತೆಗಾರರು ಕುರ್ಚಿಯಿಂದ ಎದ್ದು, ಕಟ್ಟಿದ ರಾಶಿಯಿಂದ, ಹತ್ತೊಂಬತ್ತಿಲ್ಲದ ರಾಶಿಯಿಂದಲೇ, ಒಂದು ಪುಸ್ತಕ ತೆಗೆದು ಕೋಟಿನೊಳಗೆ ಇಟ್ಟುಕೊಳ್ಳುತ್ತಿದ್ದರು.

ಸಾವಿರದಲ್ಲಿ ಉಳಿದ ಆ ಏಳುನೂರರಲ್ಲಿ ಅವಳು ಮುಳುಗಿದ್ದಾಳೆ. ಇರಲಿ. ಬೀದಿಯಲ್ಲೂ ಅಷ್ಟೇ ಜನ ಅದನ್ನೇ ಹೇಳುತ್ತಿದ್ದರು. ಮುನ್ನೂರು ಮನೆಯಲ್ಲಿ ಯಾರೋ ಕೊನೆಯ ಪುಟ ತಿರುಗಿಸಿ, 'ಮುಗಿಯಿತು' ಎಲ್ಲಿ ಅಂತ ಹುಡುಕುತ್ತಿರುತ್ತಾರೆ. ಹುಡುಕಲಿ. ಯಾವತ್ತಾದರೂ ಬೆನ್ನು ಹರಿದು ಪಟ್ಟಿ ಹೊರಗೆ ಬಂದು, ಅದರಲ್ಲಿ ಒಬ್ಬ ಗಂಡಸು ಅಳುವ ಅರ್ಧ ಸಾಲು ಸಿಕ್ಕರೆ, ಅದು ರದ್ದಿ ಅಂತ ತಿಳಿಯಲಿ.

ದೋಣಿಯವಳು ಯಾವ ದಿನ ಹೊರಟಳು ಅಂತ ಪುಸ್ತಕದಲ್ಲಿ ಇಲ್ಲ, ಹದಿನೆಂಟು ಫಾರಮಿನಲ್ಲಿ ಎಲ್ಲೂ ಇಲ್ಲ. ನನ್ನ ತಂಗಿ ಹೊರಟದ್ದು ಬುಧವಾರ. ನಾನು ಹೊರಟದ್ದು ಶುಕ್ರವಾರ, ಬುತ್ತಿ ಬಿಚ್ಚುವ ಮೊದಲು. ಕತ್ತರಿ ಶನಿವಾರ ಒಂದು ದಿನ ಬಾಯಿ ಮುಚ್ಚಿಕೊಂಡು ಕೂತು ನೋಡಿದಳಂತೆ, ಆಗಲಿಲ್ಲವಂತೆ. ಅವಳು ಹೊರಟದ್ದು ಸೋಮವಾರ.